ಸಾರಿಸದೆ ಬಿಟ್ಟ ಗೇಣು ನೆಲ

ನನ್ನ ಗಂಡನಿಗೆ ಹಿತ್ತಿಲಲ್ಲಿ ಕೊನೆಯ ಸ್ನಾನ ಮಾಡಿಸುತ್ತಿದ್ದಾಗ ನಾನು ಅವರ ಮುಖ ನೋಡಲಿಲ್ಲ. ನೀರನ್ನು ನೋಡುತ್ತಿದ್ದೆ. ಬೆಂಚಿನಿಂದ ಇಳಿದ ನೀರು ಇಳಿಜಾರು ಹಿಡಿದು ಗೋಡೆಯ ಕಡೆಗೆ ಹೊರಟಿತ್ತು. ಗೋಡೆಯ ಬುಡದಲ್ಲಿ ಒಂದು ಲಾಂದ್ರದ ಗಾಜನ್ನು ನೆಲಕ್ಕೆ ಊರಿ ನಿಲ್ಲಿಸಿತ್ತು. ಅದರ ಮೇಲಿನ ಬಾಯಿಗೆ ತೆಳು ಬಟ್ಟೆ ಕಟ್ಟಿತ್ತು. ಜ್ವರ ಹಿಡಿಯುವ ಮುಂಚೆ ಅವರೇ ಇಟ್ಟದ್ದು. ಗಾಜಿನ ಕೆಳಗೆ, ಮಣ್ಣಿನೊಳಗೆ, ಒಂದು ಕಣಜದ ಹುಳದ ಗೂಡಿತ್ತು. ನೀರು ಅಲ್ಲಿಗೆ ಇಳಿದರೆ ಒಳಗಿನ ಮರಿ ಉಳಿಯುತ್ತಿರಲಿಲ್ಲ.

ಹಿಡಿದುಕೊಂಡಿದ್ದ ಹೆಂಗಸರ ಕೈ ಬಿಡಿಸಿಕೊಂಡು ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ಅಡ್ಡಕ್ಕೆ ಒಟ್ಟಿದೆ.

"ಅಯ್ಯೋ, ಮಣ್ಣಿಗೆ ಬಿದ್ದು ಹೊರಳ್ತಾಳೆ, ಹಿಡ್ಕೊಳ್ರೇ!" ಎಂದು ಪಕ್ಕದ ಮನೆಯವಳು ಕೂಗಿದಳು. ಇಬ್ಬರು ನನ್ನ ತೋಳು ಹಿಡಿದು ಎತ್ತಿದರು. ಅಷ್ಟರಲ್ಲಿ ನೀರು ನಾನು ಕಟ್ಟಿದ ಮಣ್ಣಿಗೆ ತಗಲಿ ನುಗ್ಗೆಮರದ ಕಡೆ ತಿರುಗಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ಅಳು ಬಂತು.

ಐವತ್ತರ ದಶಕದ ಮಾತು ಇದು. ಕೋಯಮತ್ತೂರಿನಿಂದ ಅವಿನಾಶಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಅತ್ತೆ, ಅವರು, ನಾನು, ಮೂರೇ ಜನ, ನಮಗೆ ಮಕ್ಕಳಾಗಿರಲಿಲ್ಲ. ಅವರು ಬೇಸಾಯದ ಕಚೇರಿಯೊಂದರ ಕೀಟ ವಿಭಾಗದಲ್ಲಿ ಸಹಾಯಕರಾಗಿದ್ದರು. ಹಿಡಿದು ತಂದ ಹುಳಗಳಿಗೆ ಸೂಜಿ ಚುಚ್ಚಿ, ಚೀಟಿ ಬರೆದು, ಯಾವುದು ಯಾವ ಜಾತಿಯೆಂದು ಪೆಟ್ಟಿಗೆಯಲ್ಲಿ ವಿಂಗಡಿಸಿ ಇಡುವ ಕೆಲಸ. ಹುಳಕ್ಕೆ ತಮಿಳಿನಲ್ಲಿ ಪೂಚಿ. ಬೀದಿಯವರು ಅದನ್ನು ಪೂಚಿ ಆಫೀಸು ಎನ್ನುತ್ತಿದ್ದರು. "ಊರಲ್ಲಿ ಎಲ್ರೂ ಹುಳ ಓಡಿಸ್ತಾರೆ, ನನ್ನ ಮಗ ಮಾತ್ರ ಕರ್ದು ಕೂರಿಸ್ತಾನೆ" ಎಂದು ಅತ್ತೆ ಹೇಳುತ್ತಿದ್ದರು.

ಆ ವರ್ಷ ಅವರ ತಲೆಯಲ್ಲಿ ಇದ್ದದ್ದು ಒಂದೇ ಕಣಜ. ನೂಲಿನಷ್ಟು ಸಣ್ಣ ಸೊಂಟ, ಒಂಟಿಯಾಗಿ ಬದುಕುವುದು, ನೆಲ ತೋಡಿ ಗೂಡು ಮಾಡುವುದು. ಪೆಟ್ಟಿಗೆಯಲ್ಲಿ ಎರಡು ಸಾಲು ಇದ್ದವು. ಸೊಂಟ ಕೆಂಪಗಿದ್ದವೆಲ್ಲ ಹೆಣ್ಣು. ಪೂರಾ ಕಪ್ಪಗಿದ್ದವೆಲ್ಲ ಗಂಡು. ಇವು ಎರಡು ಜಾತಿಯಲ್ಲ, ಒಂದೇ ಜಾತಿಯ ಗಂಡ ಹೆಂಡತಿ ಎಂಬುದು ಅವರ ನಂಬಿಕೆ. ಅವರ ಮೇಲಧಿಕಾರಿ ಒಪ್ಪಲಿಲ್ಲ. ರೆಕ್ಕೆಯ ಗೆರೆಯಲ್ಲಿ ಸ್ವಲ್ಪ ವ್ಯತ್ಯಾಸವಿದೆ, ಕೆಂಪು ಹೆಣ್ಣಿನ ಗೂಡಿನಿಂದ ಕಪ್ಪು ಗಂಡು ಹೊರಬರುವುದನ್ನು ತೋರಿಸಿ, ಅದೇ ದಿನ ಎರಡು ಸಾಲನ್ನೂ ಸೇರಿಸೋಣ ಎಂದಿದ್ದರು.

ಆಮೇಲೆ ಒಂದು ಮಧ್ಯಾಹ್ನ ನಮ್ಮ ಹಿತ್ತಿಲಲ್ಲೇ ಕೆಂಪು ಸೊಂಟದ ಒಂದು ಹೆಣ್ಣು ಹಸಿರು ಹುಳುವೊಂದನ್ನು ಎಳೆದುಕೊಂಡು ಬಂತು. ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ನೋಡಿದೆವು. ಹುಳುವನ್ನು ಬಿಲದೊಳಗೆ ಇಳಿಸಿ, ಮೊಟ್ಟೆ ಇಟ್ಟು, ಹೊರಬಂದು, ಬಿಲದ ಬಾಯಿಗೆ ಮಣ್ಣು ತುಂಬಿತು. ಕೊನೆಗೆ ಒಂದು ಸಣ್ಣ ಕಲ್ಲನ್ನು ದವಡೆಯಲ್ಲಿ ಕಚ್ಚಿಕೊಂಡು ಆ ಮಣ್ಣನ್ನು ಕುಟ್ಟಿ ಕುಟ್ಟಿ ಗಟ್ಟಿ ಮಾಡಿತು.

"ನೋಡು, ನಿನಗಿಂತ ಚೊಕ್ಕ ಸಾರಿಸ್ತಾಳೆ" ಎಂದರು.

"ಅವಳಿಗೆ ಅತ್ತೆ ಇಲ್ಲ, ಬಿಡಿ" ಎಂದೆ.

ಒಂದು ಬಿಲಕ್ಕೆ ಒಂದೇ ಮೊಟ್ಟೆ. ಹೆಣ್ಣು ಬಂದರೆ ಏನೂ ತೀರ್ಮಾನವಾಗುವುದಿಲ್ಲ. ಗಂಡು ಬಂದರೆ ಮಾತ್ರ ಉಂಟು. ಗುರುತು ಹೇಗೆಂದು ಕೇಳಿದ್ದಕ್ಕೆ, ಮೀಸೆಯ ಗೆಣ್ಣು ಎಣಿಸಬೇಕು, ಹೆಣ್ಣಿಗೆ ಹನ್ನೆರಡು, ಗಂಡಿಗೆ ಹದಿಮೂರು ಎಂದರು. ನಾನು ನೇಕಾರರ ಮಗಳು. ಬಟ್ಟೆಯ ಎಳೆ ಎಣಿಸುವ ಅಪ್ಪನ ಭೂತಗನ್ನಡಿ ನನ್ನ ಪೆಟ್ಟಿಗೆಯಲ್ಲಿತ್ತು. ಸತ್ತ ಕಣಜದ ಮೇಲೆ ಅದನ್ನು ಹಿಡಿದು ಎಣಿಸುವುದು ಕಲಿತೆ. ಅವರು ಗಾಜು ಊರಿದರು. ಆ ವಾರವೇ ಜ್ವರ ಬಂತು. ಜ್ವರದಲ್ಲೂ ಕೇಳುತ್ತಿದ್ದರು: "ಬಂತಾ?" ಇನ್ನೂ ಇಲ್ಲ ಎನ್ನುತ್ತಿದ್ದೆ. ಅವರು ಕೊನೆಗೆ ಕೇಳಿದ್ದೂ ಅದನ್ನೇ.

ಸೂತಕ ಕಳೆಯುವ ದಿನ ಮನೆಯೆಲ್ಲ ತೊಳೆದು, ಹೆಣಕ್ಕೆ ನೀರು ಹಾಕಿದ ಜಾಗವನ್ನು ಸಗಣಿಯಲ್ಲಿ ಸಾರಿಸಲೇಬೇಕು. ತಿರುಪ್ಪೂರಿನಿಂದ ಬಂದಿದ್ದ ಅವರ ಅಕ್ಕ ಬಕೆಟ್ಟು ಹಿಡಿದು ಹಿತ್ತಿಲಿಗೆ ಬಂದರು. ನಾನು ಗಾಜಿನ ಮುಂದೆ ಕುಳಿತುಬಿಟ್ಟೆ. ಸಗಣಿ ಬಳಿದರೆ ಒಣಗಿ ಗಟ್ಟಿ ಪದರವಾಗುತ್ತದೆ. ಒಳಗಿನದು ಅದನ್ನು ಸೀಳಿಕೊಂಡು ಬರಬಲ್ಲುದೋ ಇಲ್ಲವೋ ಕೇಳೋಣವೆಂದರೆ ಹೇಳುವವರು ಇರಲಿಲ್ಲ.

"ಏಳು ಅಮ್ಮಿಣಿ, ಹೊತ್ತಾಯ್ತು."

"ಈ ಗೇಣು ಜಾಗ ಬಿಟ್ಬಿಡಿ ಅತ್ತಿಗೆ."

"ಬಿಟ್ರೆ ಸೂತಕ ಕಳೀತು ಅಂತ ಹೇಗೆ ಹೇಳೋದು? ಒಂದು ಕುಳವಿಗೋಸ್ಕರ ನನ್ನ ತಮ್ಮನ ಕಾರ್ಯ ಅರ್ಧಕ್ಕೆ ನಿಲ್ಲಿಸ್ತೀಯಾ? ಬಂದಿರೋ ನೆಂಟರೆಲ್ಲ ನಗ್ತಾರೆ."

ನಮ್ಮ ಮನೆಮಾತು ಕನ್ನಡವಾದರೂ ಕಣಜಕ್ಕೆ ಕುಳವಿ ಎಂಬ ತಮಿಳು ಹೆಸರೇ. ನಾನು ಏಳಲಿಲ್ಲ. ಅತ್ತಿಗೆ ಗಾಜಿಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ. ಹಾಗೆ ಅವರ ಮೈಮುಟ್ಟಿ ತಡೆದದ್ದು ಅದೇ ಮೊದಲು. ಬಕೆಟ್ಟು ಅಲುಗಿ ಸಗಣಿನೀರು ಇಬ್ಬರ ಸೀರೆಗೂ ಹಾರಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮಗಳಿಗೆ ಹೇಳಿದರು: "ಬಿಡೇ. ನಗಲಿ. ಅವನಿದ್ದಾಗಲೂ ನಗ್ತಾನೇ ಇದ್ರು."

ಅತ್ತಿಗೆ ಗಾಜಿನ ಸುತ್ತ ಸಾರಿಸಿದರು. ನನ್ನೊಡನೆ ಮಾತಾಡದೆ ಸಂಜೆಯ ಬಸ್ಸಿಗೆ ಹೋದರು.

ಆಮೇಲೆ ಕಾಯುವುದೊಂದೇ ಕೆಲಸ. ಬಿಸಿಲು ಏರಿದಾಗ ಗಾಜಿಗೆ ತೆಂಗಿನ ಗರಿ ಅಡ್ಡ ಇಡುತ್ತಿದ್ದೆ. ಇರುವೆ ಸಾಲು ಕಂಡರೆ ಬೂದಿ ಚೆಲ್ಲಿ ತಿರುಗಿಸುತ್ತಿದ್ದೆ. ಮೋಡ ಕವಿದರೆ ಊಟ ಸೇರುತ್ತಿರಲಿಲ್ಲ. ನೀರೋ ನನ್ನ ಕಾಲೋ ಅದನ್ನು ಯಾವಾಗಲೋ ಕೊಂದಿರಬೇಕು, ಬರೀ ಮಣ್ಣಿಗೆ ಕಾವಲು ಕೂತಿದ್ದೇನೆ ಎಂದು ಎಷ್ಟೋ ಸಲ ಅನ್ನಿಸಿತು.

ಒಂದು ಬೆಳಿಗ್ಗೆ ನೆಲದಲ್ಲಿ ಬೆರಳು ತೂರುವಷ್ಟು ತೂತಿತ್ತು. ಗಾಜಿನೊಳಗೆ, ಬಟ್ಟೆಯ ಹತ್ತಿರ, ಅದು ತಲೆಕೆಳಗಾಗಿ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು. ಬಣ್ಣ ನೋಡುವ ಧೈರ್ಯವಾಗದೆ ಮೊದಲು ಗೆಣ್ಣು ಎಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ. ಹದಿಮೂರು.

ಅತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. "ಗಂಡೋ ಹೆಣ್ಣೋ?"

"ಗಂಡು."

"ಯಾರ ಹಾಗಿದೆ?"

ಆಗ ನೋಡಿದೆ. ಸೊಂಟ ಕೆಂಪಗಿತ್ತು. "ಅಮ್ಮನ ಹಾಗೆ" ಎಂದೆ.

"ಅಂದ್ರೆ ಅವನು ಹೇಳಿದ್ದು?"

"ತಪ್ಪು."

ಕೆಂಪು ಹೆಣ್ಣಿನ ಮಗ ಕೆಂಪಗೇ ಇದ್ದ ಮೇಲೆ ಕಪ್ಪು ಗಂಡುಗಳು ಬೇರೆ ಜಾತಿಯವು. ಬಟ್ಟೆಯ ಗಂಟು ನನ್ನ ಬೆರಳಿನ ತುದಿಯಲ್ಲಿತ್ತು. ಬಿಚ್ಚಿದರೆ ಅದು ಹಾರಿಹೋಗುತ್ತಿತ್ತು. ಹೋದರೆ ಅವರು ತಪ್ಪೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

"ಬಿಟ್ಬಿಡ್ಲಾ ಅತ್ತೆ?"

ಅತ್ತೆ ಬಾಗಿ ಗಾಜಿನೊಳಗೆ ನೋಡಿದರು. "ಅವನಾಗಿದ್ರೆ ಬಿಡ್ತಿದ್ನಾ?" ಎಂದರು. ಒಳಗೆ ಹೋಗಿ, ಸೈಕಲ್ಲಿರುವ ಪಕ್ಕದ ಮನೆಯವರನ್ನು ಪೂಚಿ ಆಫೀಸಿಗೆ ಅಟ್ಟಿದರು.

ಅಧಿಕಾರಿ ತಾವೇ ಬಂದರು. ಚಪ್ಪಲಿ ಕಳಚಿ ನೆಲಕ್ಕೆ ಕುಳಿತು, ತಮ್ಮ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ತಮಿಳಿನಲ್ಲಿ ಹೇಳಿದರು: "ಎರಡು ಜಾತಿಯೇ ಅಮ್ಮಾ. ಆದರೆ ಈ ಗಂಡು ನಮ್ಮ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಅವರಿದ್ದಿದ್ದರೆ ಕುಣಿಯುತ್ತಿದ್ದರು."

"ಒಂದು ರಾತ್ರಿ ಊಟ ಬಿಡ್ತಿದ್ರು. ಆಮೇಲೆ ಕುಣೀತಿದ್ರು" ಎಂದೆ.

ಅಧಿಕಾರಿ ಚೀಲದಿಂದ ಹುಳ ಕೊಲ್ಲುವ ಸೀಸೆ ತೆಗೆದು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಪೆಟ್ಟಿಗೆ ಸೇರಬೇಕಾದರೆ ಅದು ಸಾಯಬೇಕು. ಅದು ಇನ್ನೂ ಒಂದು ಸಲವೂ ಹಾರಿರಲಿಲ್ಲ. ನಾನು ಗಾಜನ್ನು ನಾನೇ ಎತ್ತಿ, ಕೆಳಗಿನ ಬಾಯಿಗೆ ಅಂಗೈ ಒತ್ತಿ, ಅವರ ಕೈಗೆ ಕೊಟ್ಟೆ. ಅಂಗೈಯಲ್ಲಿ ಅದರ ಕಾಲು ಆಡಿದ್ದು ಗೊತ್ತಾಯಿತು. ಗಂಡಿಗೆ ಕೊಂಡಿ ಇರುವುದಿಲ್ಲ, ಚುಚ್ಚುವುದಿಲ್ಲ. ಅದನ್ನೂ ನಮ್ಮವರೇ ಹೇಳಿಕೊಟ್ಟಿದ್ದರು.

ಅಧಿಕಾರಿ ಹೋದ ಮೇಲೆ ಅತ್ತೆ ಬಕೆಟ್ಟು ತಂದರು. ಒಣಗಿದ ಸಗಣಿಯ ನಡುವೆ ಆ ಗೇಣು ನೆಲ ಕೆಂಪಗೆ ಉಳಿದಿತ್ತು, ಮಧ್ಯದಲ್ಲಿ ತೂತು. ನಾನು ಮಣ್ಣು ತುಂಬಿದೆ. ಒಂದು ಸಣ್ಣ ಕಲ್ಲು ತೆಗೆದುಕೊಂಡು ಕುಟ್ಟಿದೆ. ಗಟ್ಟಿಯಾಯಿತು ಎನ್ನಿಸಿದ ಮೇಲೆ ಅತ್ತೆ ಬಾಗಿ ಸಾರಿಸಿದರು.