ಲ್ಯಾಬಿನಲ್ಲಿ ಹುಟ್ಟಿದ ಮಾಣಿಕ್ಯ

ನನ್ನ ಮಗಳು ಮನೆಯ ಮುಂದಿನ ಕೋಣೆಯಲ್ಲಿ ಕೂತು ಆಭರಣಗಳಿಗೆ ಹರಳು ಕೂರಿಸುತ್ತಾಳೆ. ತನ್ನ ಮದುವೆಯುಂಗುರಕ್ಕೆ ಅವಳು ಲ್ಯಾಬಿನಲ್ಲಿ ಬೆಳೆಸಿದ ಮಾಣಿಕ್ಯವನ್ನು ಆರಿಸಿಕೊಂಡಳು. ಗಣಿಯ ಮಾಣಿಕ್ಯವನ್ನೇ ಕೊಡಿಸಬೇಕೆಂದಿದ್ದ ನನಗೆ ಪಿತ್ತ ನೆತ್ತಿಗೇರಿತು.

“ಲ್ಯಾಬಲ್ಲಿ ಹುಟ್ಟಿದ್ದೂ ಒಂದು ಮಾಣಿಕ್ಯನಾ? ಅದು ನನ್ನ ಮನೇಲಿ ಬೇಡ!” ಎಂದು ಮೇಜು ಗುದ್ದಿದೆ. ಹರಳುಗಳೆಲ್ಲ ನೆಲಕ್ಕೆ ಚೆಲ್ಲಿದವು.

ಅವಳು ಮೇಜಿನಡಿ ತೂರಿ ಹೆಕ್ಕುತ್ತಲೇ ಕೇಳಿದಳು: “ಹಾಗಾದ್ರೆ ನಾನೆಲ್ಲಿಗೆ ಹೋಗ್ಲಿ ಅಪ್ಪಾ? ನಾನೂ ಟೆಸ್ಟ್‌ಟ್ಯೂಬ್ ಮಗುನೇ ಅಲ್ವಾ?”

ಬಾಗಿಲಲ್ಲಿದ್ದ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಇವಳು ಹುಟ್ಟಿದಾಗ ‘ನನ್ನ ಮಾಣಿಕ್ಯ’ ಅಂತ ಆಸ್ಪತ್ರೆ ತುಂಬಾ ಕುಣಿದೋರು ಯಾರ್ರೀ?”

ನನ್ನ ಸಿಟ್ಟು ಠುಸ್ಸಾಯಿತು. ನಾನೂ ಮೇಜಿನಡಿಗೆ ತೂರಿದೆ. ಕೈಗೆ ಸಿಕ್ಕ ಕೆಂಪು ಹರಳನ್ನು ಅವಳ ಅಂಗೈಗಿಟ್ಟು, “ಇಂಥದ್ದೇ ಇನ್ನೊಂದಿದ್ರೆ ನನಗೂ ಉಂಗುರ ಮಾಡ್ಕೊಡೇ” ಎಂದೆ.