ಸುಮ್ಮನೆ ನಿಲ್ಲುವ ಅಭ್ಯಾಸ

ನಮ್ಮಜ್ಜಿ ಆ ವರ್ಷ ಈಸ್ಟರ್‌ಗೆ ಮೊದಲಿನ ತಪಸ್ಸಿನ ಕಾಲದ ನಲವತ್ತೂ ದಿನ ವಾದ ಮಾಡುವುದನ್ನು ಬಿಟ್ಟಿದ್ದರು, ಅಷ್ಟು ಶಾಂತವಾಗಿ ಸಾವಿಗೆ ಸಿದ್ಧರಾದವರನ್ನು ಕಂಡಿಲ್ಲ ಎಂದು ನಮ್ಮ ಕನ್ನಡ ಚರ್ಚಿನವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ ಅದು ನಲವತ್ತಲ್ಲ, ಮೂವತ್ತಮೂರು. ಎರಡನೆಯದಾಗಿ, ವ್ರತ ಮುರಿದಾಗ ಪಕ್ಕದಲ್ಲಿ ಕೂತಿದ್ದವಳು ನಾನು.

ಆ ಕಾಲ ಶುರುವಾಗುವ ಬೂದಿ ಬುಧವಾರ ಸಭಾಪಾಲಕರು, ಒಂದು ದಿನ ಮಣ್ಣಾಗುವವರು ನಾವು, ಇಷ್ಟವಾದ್ದೊಂದನ್ನು ಬಿಟ್ಟು ನೋಡೋಣ ಎಂದರು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದ ಮೇಲೆ ಅಜ್ಜಿಗೆ ಮೀನು ಬಿಡಿ ಎಂದೆ.

“ಇಲ್ಲಿಯ ಬಂಗುಡೆ ಬಿಡುವುದು ತ್ಯಾಗವಾ? ಇದನ್ನು ಉಡುಪಿಯಲ್ಲಿ ಬೆಕ್ಕಿಗೆ ಹಾಕಿದರೂ ಅದು ಎರಡು ಸಲ ಯೋಚನೆ ಮಾಡ್ತದೆ.”

ವಾದ ಬಿಡುತ್ತೇನೆ ಎಂದರು. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಕಪ್ ಹೊತ್ತು ತರುತ್ತಿದ್ದ ನನಗೆ ಮನೆಯಲ್ಲಿ ಸರಿಸಾಟಿ ಇದ್ದದ್ದು ಅವರೊಬ್ಬರೇ. ಇದು ಅನ್ಯಾಯ ಎಂದೆ.

“ಸತ್ತ ಮೇಲೆ ದೇವರ ಮುಂದೆ ನಿಲ್ಲಬೇಕಲ್ಲ ಮಾರಾಯ್ತಿ. ಅವನು ಮಾತಾಡುವಾಗ ಸುಮ್ಮನೆ ನಿಲ್ಲಲಿಕ್ಕೆ ನನಗೆ ಅಭ್ಯಾಸ ಬೇಡವಾ?”

“ಅವನಿದ್ದಾನೆ ಅಂತಲೇ ನಾನು ಒಪ್ಪಿಲ್ಲ. ಇದ್ದು, ತಪ್ಪು ಹೇಳಿದರೆ?”

ಅಜ್ಜಿಯ ತುಟಿ ಅಲುಗಿತು. ವ್ರತ ನೆನಪಾಗಿ ಅಡುಗೆಮನೆಗೆ ಎದ್ದು ಹೋದರು.

ಆದರೆ ಅವರು ದೇವರಿಗಿಂತ ಮೊದಲು ಎದುರಿಸಬೇಕಿದ್ದದ್ದು ತಂಗಿಯನ್ನು, ಲೋಕಲ್ ರೈಲಿನಲ್ಲಿ ಸ್ವಲ್ಪ ದೂರದ ಟಿಟ್ವಾಳಾದಲ್ಲಿದ್ದ ಚಿಕ್ಕಜ್ಜಿಯನ್ನು. ಹನ್ನೊಂದು ವರ್ಷದ ಹಿಂದೆ ಉಡುಪಿಯಲ್ಲಿ ಅವರ ತಾಯಿ ತೀರಿಕೊಂಡಾಗ ಚಿಕ್ಕಜ್ಜಿ ಅಲ್ಲಿದ್ದರು. ಇಲ್ಲಿಂದ ಹೊರಟ ಅಜ್ಜಿಯ ಬಸ್ಸು ಎರಡು ಗಂಟೆ ತಡವಾಯಿತು. ಅಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ತಾಯಿಯ ಮುಖ ಸಿಗದ ಅಜ್ಜಿ, “ನನ್ನ ಹೆಣ ನೋಡಲಿಕ್ಕೂ ನೀನು ಬರಬಾರದು” ಎಂದಿದ್ದರು. ಸಾಯುವ ಮೊದಲು ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು. ತೊಂದರೆ ಏನೆಂದರೆ, ತಂಗಿ ಒಂದು ಮಾತು ತಿರುಗಿ ಹೇಳಿದರೆ ಸಾಕು, ತಾವು ಹತ್ತು ಹೇಳುವುದು ಖಾತ್ರಿ.

“ನಿನಗೆ ಯಾವ ಪಕ್ಷ ಕೊಟ್ಟರೂ ಮಾತಾಡ್ಲಿಕ್ಕೆ ಬರ್ತದಲ್ಲ, ಅವಳ ಪಕ್ಷ ಮಾತಾಡು. ನಾನು ಸುಮ್ಮನಿರ್ತೇನೆ.”

ಹಾಗೆ ದಿನಾ ಸಂಜೆ ನಾನು ಚಿಕ್ಕಜ್ಜಿಯಾದೆ. ಅಜ್ಜಿ ಬಸಳೆ ಬಿಡಿಸುತ್ತ ಕೇಳುವರು. ಮೇ ತಿಂಗಳ ಸೆಕೆ, ಕರೆಂಟಿಲ್ಲ, ಸಂಜೆಯಾಗುತ್ತಿತ್ತು ಎಂದೆಲ್ಲ ವಾದಿಸಿದೆ. ದಂಟು ಲಟಲಟ ಮುರಿಯುತ್ತಿತ್ತೇ ವಿನಾ ಅವರು ಕರಗಲಿಲ್ಲ. ಸೋಲುವುದು ನನಗೆ ಒಗ್ಗದು. ಒಂದು ದಿನ ಹೊಸ ಅಂಶವೊಂದನ್ನು ಪೂರ್ತಿ ನಾನೇ ಕಟ್ಟಿ ಹೇಳಿದೆ: “ಅಮ್ಮನ ಮುಖ ಊದಿಕೊಂಡಿತ್ತು ಅಕ್ಕ. ಅದನ್ನು ನೀನು ನೋಡಬಾರದು ಅಂತ ಬೇಗ ಮುಗಿಸಿದೆ.”

ಬಸಳೆ ಅಲ್ಲೇ ಉಳಿಯಿತು. ನಾನು ಒಳಗೊಳಗೇ ಕಪ್ ಎತ್ತಿಕೊಂಡೆ.

ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ ಟಿಟ್ವಾಳಾ ಲೋಕಲ್ ಹತ್ತಿದೆವು. ಚಿಕ್ಕಜ್ಜಿ ಬಾಗಿಲು ತೆಗೆದು, ಏನೂ ಕೇಳದೆ ನೀರು ತಂದುಕೊಟ್ಟರು. ಅಜ್ಜಿ ನೀರು ಕುಡಿದು ಹೇಳಿದರು, “ನಾನು ಸತ್ತಾಗ ನೀನು ಬರಬೇಕು. ನೀನು ಅಮ್ಮನನ್ನು ಬೇಗ ಮಣ್ಣು ಮಾಡಿದ್ದು ಯಾಕೆ ಅಂತ ನನಗೀಗ ಗೊತ್ತಾಯ್ತು. ಮುಖ ಊದಿತ್ತು, ಅದಕ್ಕೆ.”

“ಇಲ್ಲ ಅಕ್ಕ, ಮುಖ ಚೆಂದ ಇತ್ತು, ಮಲಗಿದ ಹಾಗೆ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ನೀನು ಒಂದು ದಿನವೂ ಬರಲಿಲ್ಲ. ಕಾಯುವುದು ಬೇಡ ಅಂತ ನಾನೇ ಹೇಳಿದೆ.”

ನಾನು ನೆಲ ನೋಡಿದೆ. ಅಜ್ಜಿಯ ಮೂವತ್ತಮೂರು ದಿನ ಅಲ್ಲಿಗೆ ಮುಗಿಯಿತು.

“ಸುಮ್ಮನಿರು. ಊದಿತ್ತು.”

“ನೋಡಿದವಳು ನಾನು ಅಕ್ಕ.”

“ನಿನಗೆ ಆಗಲೂ ಕಣ್ಣು ಸರಿ ಇರಲಿಲ್ಲ. ಊದಿತ್ತು ಅಂದರೆ ಊದಿತ್ತು.”

ಅರ್ಧ ಗಂಟೆ ವಾದಿಸಿದರು. ಅಜ್ಜಿಯಷ್ಟು ಜೋರಾಗಿ ಯಾರೂ ಎದುರಾಳಿಯ ಪರ ವಾದಿಸಿದ್ದನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ. ಕೊನೆಗೆ ಚಿಕ್ಕಜ್ಜಿ ಅಳುತ್ತ, ನಗುತ್ತ, “ಆಯ್ತು ಮಾರಾಯ್ತಿ, ಊದಿತ್ತು” ಎಂದು ಊಟಕ್ಕೆ ಬಡಿಸಿದರು. ಬಂಗುಡೆ ಸಾರು. ಅಜ್ಜಿ ಎರಡು ಸಲ ಹಾಕಿಸಿಕೊಂಡರು.

ವಾಪಸ್ ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಸಿಕ್ಕಿತ್ತು. ಶಹಾಡ್ ದಾಟಿತು, ಕಲ್ಯಾಣ ಬಂತು, ಅಜ್ಜಿ ಹೊರಗೇ ನೋಡುತ್ತಿದ್ದರು. ನಾನು ಕೇಳಿಯೇಬಿಟ್ಟೆ:

“ಅಜ್ಜಿ, ಆ ಮಾತು ನಾನು ಕಟ್ಟಿದ್ದು ಅಂತ ನಿಮಗೆ ಮೊದಲೇ ಗೊತ್ತಿತ್ತಾ?”