ಬೇರೆ ಲೋಟದ ಕಾಫಿ

ಗೆಳೆಯರೇ, ಇವತ್ತು ಬೆಳಿಗ್ಗೆ ಯಳಂದೂರಿನಲ್ಲಿ ನಾನು ಕನ್ನಡ ಪಾಠ ಮಾಡುವ ಕಾಲೇಜಿಗೆ ವಿದ್ಯಾರ್ಥಿನಿಯೊಬ್ಬಳ ತಾತ ಬಂದು, "ಆ ಕಾದಂಬರಿ ಪಾಠ ಮಾಡೋರು ಯಾರು?" ಎಂದರು.

ಕೂಲಿಯವರು ಊರ ಯಜಮಾನನ ವಿರುದ್ಧ ದಂಗೆಯೇಳುವ ಹಳೆಯ ಕಾದಂಬರಿ ಅದು. ದೂರು ಕೊಡಲು ಬಂದಿದ್ದಾರೆ ಎಂದುಕೊಂಡೇ ಕುರ್ಚಿ ಕೊಟ್ಟೆ.

"ಮೊಮ್ಮಗಳು ಮನೇಲಿ ಜಗ್ಳ ತಗ್ದವ್ಳೆ ಮೇಡಮ್. ಕೂಲಿಯೋರ್ಗೆ ಅಂತ ಇತ್ತಲಲ್ಲಿ ಬೇರೆ ಲೋಟ ಮಡ್ಗಿದ್ದೊ. ನಂಗೂ ಅದ್ರಲ್ಲೇ ಕಾಫಿ ಕೊಡಿ ಅಂತ ಕೂತವ್ಳೆ."

ಅವರು ಕುರ್ಚಿ ಹತ್ತಿರಕ್ಕೆಳೆದು ದನಿ ತಗ್ಗಿಸಿ ಕೇಳಿದರು. "ಆ ಕತೇಲಿ ಯಜಮಾನ ಕೊನ್ಗಾದ್ರೂ ಸರಿ ಓಯ್ತನಾ?"

"ಸರಿ ಹೋಗ್ತಾನೆ. ಆದ್ರೆ ಎಲ್ಲಾ ಕಳ್ಕೊಂಡ ಮೇಲೆ."

ಅವರು "ಅಲ್ಲೀಗಂಟ ನಾನ್ಯಾಕೆ ಕಾಯ್ಲಿ?" ಎಂದು ಎದ್ದು ಹೋದರು.

ಸಂಜೆ ಆ ಹುಡುಗಿ ಫೋನ್ ಮಾಡಿದಳು. "ಮಿಸ್, ತಾತ ಆ ಲೋಟಗಳನ್ನ ಗುಜ್ರಿಗೆ ಆಕುದ್ರು. ಕೂಲಿಯೋರ್ನ ಒಳಕ್ಕೆ ಕರ್ದು ನಮ್ ಲೋಟ್ದಲ್ಲೇ ಕಾಫಿ ಕೊಟ್ರು."

ಈಗ ಮನಸ್ಸು ಹಗುರಾಗಿದೆ. ಕಾದಂಬರಿಯ ಯಜಮಾನನಿಗೂ ಇಂಥ ಮೊಮ್ಮಗಳಿದ್ದಿದ್ದರೆ ದಂಗೆಯೇ ಬೇಕಿರಲಿಲ್ಲವೇನೋ. ಆಗ ನನಗೆ ಮಾತ್ರ ಪಾಠ ಮಾಡಲು ಏನೂ ಇರುತ್ತಿರಲಿಲ್ಲ.